ಸೋಫಾ ಹಿಂದಿನ ಹೊಂಗೆ

ಮೇಡಮ್ಮನವರು ಫೋನಿನಲ್ಲಿ ಒಂದು ಮರ ತೋರಿಸಿದರು.
ಕೆಂಪು ಎಲೆ, ಬಿಳಿ ಕಾಂಡ,
ಯಾವ ಸೀಮೆಯದೋ, ನಾನದರ ನೆರಳಲ್ಲಿ ಕೂತವನಲ್ಲ.
'ಸೋಫಾ ಹಿಂದಿನ ಗೋಡೆಗೆ ಇದು ಬೇಕು,
ಬಂದವರಿಗೆ ಕಾಡೊಳಗೆ ಕಾಲಿಟ್ಟ ಹಾಗಿರಬೇಕು.'
ಆಗಲಿ ಅಂದೆ.
ಅಡಿಗೆ ನೂರಿಪ್ಪತ್ತು, ಬಣ್ಣ ಅವರದು.

ಹೆಣ್ಣೂರಿನಾಚೆ. ಲಿಫ್ಟಿನಲ್ಲಿ ಹದಿಮೂರರ ಗುಂಡಿಯೇ ಇಲ್ಲ,
ಹನ್ನೆರಡರ ಮೇಲೆ ಸೀದಾ ಹದಿನಾಲ್ಕು.
ಅಷ್ಟೆತ್ತರಕ್ಕೆ ಹದ್ದು ಬರುತ್ತದೆ, ಇರುವೆಯೂ ಹೇಗೋ ಬರುತ್ತದೆ.
ಸಂಪಂಗಿ ಪುಟ್ಟಿ ತಿಕ್ಕಿದ. ಎರಡು ದಿನ ಒಣಗಲು ಬಿಟ್ಟೆವು.
ಮೂರನೇ ದಿನ ಕಾಂಡ ಎಳೆದೆ.

ಕೈ ಮಾತು ಕೇಳಲಿಲ್ಲ.
ಶುರುವಾಗಿದ್ದು ಬೆಳ್ಳಗೇ,
ಮೊಣಕಾಲೆತ್ತರಕ್ಕೆ ಬೂದಿಯಾಗಿ,
ಸೊಂಟದ ಹತ್ತಿರ ಒಮ್ಮೆ ವಾಲಿ,
ಲಗ್ಗೆರೆ ಬಸ್‌ಸ್ಟಾಪಿನ ಹೊಂಗೆಯೇ ಆಗಿಬಿಟ್ಟಿತು.
ಇಪ್ಪತ್ತು ವರ್ಷ ಅದರ ಕೆಳಗೆ ನಿಂತು
ಮೇಸ್ತ್ರಿಯ ಟೆಂಪೋ ಕಾದವನು ನಾನು.
ಕೆಂಪೆಲೆಯ ಮರಕ್ಕೆ ನನ್ನ ಪರಿಚಯವೇ ಇಲ್ಲ.

ಎಲೆಗೆ ಬಂದಾಗ ಇನ್ನೂ ಕೆಟ್ಟೆ.
ಹೊಂಗೆಯ ಎಲೆ ಕೈಯಲ್ಲಿ ಹಿಡಿದವರಿಗೆ ಗೊತ್ತು,
ಅದು ಯಾವತ್ತೂ ಚೊಕ್ಕಟವಿರುವುದಿಲ್ಲ.
ಒಳಗೊಳಗೇ ಹುಳು ನಡೆದ ಬಿಳಿ ಹಾದಿ,
ಸಾಸಿವೆಯಂಥ ಗಂಟು, ಅಂಚಿಗೊಂದು ಕಚ್ಚು.
ಅವನ್ನೂ ಬರೆದೆ, ತೆಳು ಬ್ರಷ್ಷಿನಲ್ಲಿ, ಉಸಿರು ಹಿಡಿದು,
ಹುಳುವಿಗೆ ನಾನೇ ದಾರಿ ಹೇಳುತ್ತಿರುವ ಹಾಗೆ.

ಮೇಡಮ್ಮ ಬಂದು ನಿಂತರು. ಬಹಳ ಹೊತ್ತು.
'ಕೆಂಪಿಲ್ಲ.
ಪರವಾಗಿಲ್ಲ, ಹಸಿರೂ ಚೆನ್ನಾಗಿದೆ.
ಆದರೆ ಈ ರೋಗ ಯಾಕೆ?'
ರೋಗವಲ್ಲ ಮೇಡಂ, ಎಲೆ ಇರುವುದೇ ಹಾಗೆ.
'ಇರಬಹುದು. ಇದು ಮನೆ ಅಲ್ಲವಾ.'

ನನಗೂ ಸರಿಯೆನ್ನಿಸಿತು.
ದುಡ್ಡು ಕೊಟ್ಟು ಯಾರು ಹುಳು ತಂದುಕೊಳ್ಳುತ್ತಾರೆ?
ಒಂದೊಂದೇ ಹಾದಿಯ ಮೇಲೆ ಹಸಿರು ಎಳೆದೆ.
ಸೋಫಾ ಬೆನ್ನು ಮುಚ್ಚುವ ಜಾಗದಲ್ಲಿ
ಒಂದೆಲೆಯನ್ನು ಮಾತ್ರ ಹಾಗೇ ಬಿಟ್ಟೆ.
ಸಂಪಂಗಿಗೂ ಹೇಳಿಲ್ಲ.

ಎಣಿಸಿ ಕೊಟ್ಟರು. ಕಾಫಿಯನ್ನೂ ಕೊಟ್ಟರು.
'ನಿಮ್ಮ ಮನೆ ಗೋಡೆ ಎಷ್ಟು ಚೆಂದ ಇರಬೇಕು!'
ಕಪ್ಪಿನೊಳಗೇ ನಕ್ಕೆ.

ನಮ್ಮ ಗೋಡೆಗೆ ಊರೆಲ್ಲದರ ಡಬ್ಬಿಯ ತಳ.
ಕೋರಮಂಗಲದ ದಂತ, ಯಲಹಂಕದ ಪಿಸ್ತಾ,
ಯಾರ ಮನೆಯಲ್ಲೋ ಬೇಡವಾದ ಗುಲಾಬಿ,
ಒಂದೇ ಬಕೆಟ್ಟಿಗೆ ಸುರಿದು ಕಲಸಿದರೆ
ಯಾವ ಕಂಪನಿಯ ಕಾರ್ಡಿನಲ್ಲೂ ಇಲ್ಲದ ಬಣ್ಣ.
ಜಯಶೀಲ ಅದಕ್ಕೆ 'ತಂಗಳು' ಎಂದು ಹೆಸರಿಟ್ಟಿದ್ದಾಳೆ.

ಚೀಲ ಕೊಡವಿದಾಗ ಹಳೆಯ ಸ್ಟೆನ್ಸಿಲ್ಲೊಂದು ಬಿತ್ತು,
ಎಲೆಗಳನ್ನೆಲ್ಲ ಕೊರೆದು ತೆಗೆದು
ತೂತಷ್ಟೇ ಉಳಿದ ಪ್ಲಾಸ್ಟಿಕ್ ಹಾಳೆ,
ಬಣ್ಣ ಕುಡಿದು ಕುಡಿದು ಹಪ್ಪಳವಾಗಿತ್ತು.
ಮಗಳು ಅದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದಳು,
ಎದುರುಮನೆಯವರು ಇಣುಕದಿರಲೆಂದು.

ಭಾನುವಾರ. ನಾಲ್ಕೂ ಮುಕ್ಕಾಲು.
ಎದುರಿನ ಕರೀ ನೀರಿನ ಟ್ಯಾಂಕು ದಾಟಿ
ದಿನಕ್ಕೆ ಇಪ್ಪತ್ತು ನಿಮಿಷ ನಮಗೂ ಬಿಸಿಲು.
ಬಂತು. ತೂತುಗಳಲ್ಲಿ ನುಸುಳಿ
ತಂಗಳು ಗೋಡೆಗೆ ಎಲೆಯೆಲೆಯಾಗಿ ಹತ್ತಿತು,
ಅಂಚು ಮಸುಕು, ನಡುವೆ ಉರಿಬಿಸಿ ಹಳದಿ,
ಮೊದಲು ಅಕ್ಕಿ ಡ್ರಮ್ಮಿನ ಮೇಲೆ,
ಆಮೇಲೆ ಅವರೆಕಾಯಿ ಸುಲಿಯುತ್ತಿದ್ದ ಜಯಶೀಲಳ ಭುಜಕ್ಕೆ.
ಅವಳು ನೊಣವೆಂದುಕೊಂಡು ಕೈ ಬೀಸಿದಳು.
ಬೀಸಿದ ಕೈಮೇಲೂ ಎರಡೆಲೆ.

ಮಗಳು ಗೋಡೆಯ ಮೇಲೆ ಬೆರಳಿಟ್ಟು ಕರೆದಳು:
'ಅಪ್ಪಾ, ಇದೊಂದನ್ನ ಹುಳ ತಿಂದಿದೆ ನೋಡು.'
ಎದ್ದು ಹೋಗಿ ನೋಡಿದೆ.
ಯಾವ ಕಾಲದ ಬಣ್ಣದ ತೊಟ್ಟೋ
ಸ್ಟೆನ್ಸಿಲ್ಲಿನ ತೂತಿನಲ್ಲಿ ಹೆಪ್ಪುಗಟ್ಟಿ
ಎಲೆಯ ಅಂಚಿಗೆ ಸರಿಯಾಗಿ ಕಚ್ಚಿತ್ತು.
'ಕೆರೆದು ತೆಗೀಲಾ?'
ಬೇಡ, ಇರಲಿ ಅಂದೆ.

ಆಗಲೇ ಎಲೆಗಳು ಕ್ಯಾಲೆಂಡರ್ ದಾಟಿ
ಸ್ವಿಚ್ ಬೋರ್ಡಿನ ಹತ್ತಿರ ಹೋಗಿದ್ದವು.