ನೀರಿನ ಪೀಪಾಯಿಯ ಪಕ್ಕ

ಹಲ್ ನಗರದ ಅಂಚಿಗೆ, ರೈಲು ಹಳಿಯ ಬೆನ್ನಿಗೆ
ಪುರಸಭೆ ಬಾಡಿಗೆಗೆ ಕೊಟ್ಟ ತುಂಡು ನೆಲ ನನ್ನದು,
ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ.
ಬೇಲಿಯಾಚೆ ಹೆಡ್ಲಿ ಪೆಚ್, ಎಪ್ಪತ್ತೊಂಬತ್ತು.
ಒಂದು ಕಾಲಕ್ಕೆ ಐಸ್‌ಲ್ಯಾಂಡಿನ ತನಕ ಬಲೆ ಬೀಸಿದವನು
ಈಗ ಲೀಕ್ ಬೆಳೆಯುತ್ತಾನೆ, ಅಳತೆಪಟ್ಟಿ ಹಿಡಿದು.

ಮೊದಲ ದಿನವೇ ಹೇಳಿಬಿಟ್ಟಿದ್ದ:
"ಗೊಬ್ಬರ ಬೇಕಾದರೆ ಕೇಳು. ದೇವರ ವಿಷಯ ಬೇಡ."
ನನ್ನ ಕೊರಳಿನ ಸಣ್ಣ ಶಿಲುಬೆ ಕಂಡಿರಬೇಕು.
ತಮ್ಮನನ್ನು ಕಡಲು ನುಂಗಿದ ವಾರ
ಪಾದ್ರಿ ಮನೆಗೆ ಬಂದು, ಚಹಾ ಕುಡಿದು,
"ದೇವರ ಚಿತ್ತ" ಅಂದನಂತೆ.
ಆ ಎರಡು ಪದ ಇನ್ನೂ ಅವನ ಗಂಟಲಲ್ಲಿ
ಮೀನಿನ ಮುಳ್ಳು.

ನನ್ನಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದು
ಶನಿವಾರ ಸಂತೆಯಲ್ಲಿ ಪೆಟ್ಟಿಗೆ ಹತ್ತಿ ಸುವಾರ್ತೆ ಸಾರಿದವರು.
ಕಲ್ಲು ಬಿದ್ದರೆ ಹಣೆ ಒರೆಸಿಕೊಂಡು ಮುಂದಿನ ವಚನ.
ಆ ರಕ್ತ ನನ್ನಲ್ಲೂ ಇದೆ. ಕೋಟಿನ ಜೇಬಿನಲ್ಲಿ
ಮಡಿಸಿದ ಕರಪತ್ರ ಎರಡು ಚಳಿಗಾಲ ಕಾದಿತ್ತು.
ಬಾಯಿ ತೆರೆದಾಗೆಲ್ಲ ಹಂಬರ್ ಕಡೆಯಿಂದ ಗಾಳಿ
(ಗಾಳಿಯೋ, ಆತ್ಮನೋ, ನಾನು ವಾದಿಸುವುದಿಲ್ಲ)
ಬಂದು ತುಟಿಗೆ ಬೆರಳಿಟ್ಟ ಹಾಗೆ:
ಈಗಲ್ಲ. ಕಳೆ ಕೀಳು.

ಕಿತ್ತೆ.
ಅವನ ಮೊಣಕಾಲು ಕೊಯ್ದ ಜೂನಿನಲ್ಲಿ
ಅವನ ಪಾತಿಗೂ ನೀರು ಹೊತ್ತೆ.
ಬಾಲ್ದಿ ಎಣಿಸಿದ್ದೆ, ಸುಳ್ಳಾಡಲಾರೆ.
ಇಷ್ಟು ನೀರಿಗೆ ಒಂದು ಆತ್ಮವೆಂದು
ಒಳಗೊಳಗೇ ಬೆಲೆ ಕಟ್ಟುತ್ತಿದ್ದೆ.
ನಾಚಿ ಎಣಿಕೆ ಬಿಟ್ಟದ್ದು ಜುಲೈ ಕೊನೆಗೆ.
ಆಮೇಲೆ ಅವನು ಬರೀ ಹೆಡ್ಲಿ:
ಚಹಾಕ್ಕೆ ಮೂರು ಚಮಚ ಸಕ್ಕರೆ,
ಬಸವನಹುಳುಗಳಿಗೆ ಸಹಸ್ರನಾಮದಷ್ಟು ಬೈಗುಳ.

ಅಕ್ಟೋಬರಿನ ಮಂಜು ಬೆಳಗ್ಗೆ
ಅವನೇ ಬೇಲಿಗೆ ಮೊಣಕೈ ಊರಿ ಕೇಳಿದ:
"ದಿನಾ ಆ ಪೀಪಾಯಿಯ ಪಕ್ಕ ನಿಲ್ಲುತ್ತೀಯಲ್ಲ ಕಣ್ಣು ಮುಚ್ಚಿ,
ಏನು ಹೇಳುತ್ತೀ ಅವನಿಗೆ?"

ಇಡೀ ಕರಪತ್ರ ನಾಲಗೆ ತುದಿಗೆ ಬಂತು.
ಪಾಪ, ಶಿಲುಬೆ, ತೆರೆದ ಸಮಾಧಿ, ಕೊನೆಗೊಂದು ಪ್ರಶ್ನೆ.
ಗಾಳಿ ನಿಂತಿತ್ತು. ಆದರೂ ಹೊರಬಿದ್ದದ್ದು ಇಷ್ಟೇ:
"ಹೆಸರು ಹೇಳುತ್ತೇನೆ. ಅಮ್ಮನದು, ವಾರ್ಡಿನ ರೋಗಿಗಳದು,
ನಿಮ್ಮದು. ಬೇಡವೆಂದರೆ ಬಿಡುತ್ತೇನೆ."
"ಅದರಿಂದೇನು?"
"ಈ ಊರಿಗೆ ಬಂದ ಮೊದಲ ವರ್ಷ
ನನ್ನ ಹೆಸರು ಸರಿಯಾಗಿ ಕರೆಯುವವರು ಯಾರೂ ಇರಲಿಲ್ಲ.
ಯೇಸುವಿಗೆ ಗೊತ್ತಿದೆ ಅನ್ನುವುದೊಂದೇ
ಬೆಳಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು."

ಬೂಟಿನ ಮಣ್ಣನ್ನು ಬಹಳ ಹೊತ್ತು ಕೆರೆದ.
"ನನಗೆ ನಂಬಿಕೆಯಿಲ್ಲ, ತಿಳಿದಿರಲಿ."
"ತಿಳಿದಿದೆ."
"ವಿಲ್ಫ್. ನನ್ನ ತಮ್ಮ.
ಪೂರ್ತಿ ಹೆಸರು ಬೇಡ. ವಿಲ್ಫ್ರೆಡ್ ಅಂದರೆ
ತಿರುಗಿಯೂ ನೋಡುವುದಿಲ್ಲ ಅವನು."

ಆಮೇಲೆ ಲೀಕಿನ ತುಕ್ಕುರೋಗದ ಬಗ್ಗೆ
ಅರ್ಧ ಗಂಟೆ ಮಾತಾಡಿದೆವು.

ಈಗ ಬೆಳಗ್ಗೆ ನಾನು ಕಣ್ಣು ಮುಚ್ಚಿದರೆ
ಬೇಲಿಯಾಚೆ ಸಲಿಕೆಯ ಸದ್ದು ಒಂದು ಕ್ಷಣ ನಿಲ್ಲುತ್ತದೆ.
ಯಾಕೆಂದು ಕೇಳಿಲ್ಲ.