ಜೇಬಿನಳತೆ

ರಾಯದುರ್ಗದ ಕೋಟೆಗಿಂತ ಎತ್ತರ
ನಮ್ಮೂರ ಜೀನ್ಸಿನ ಥಾನು ಎನ್ನುತ್ತಾರೆ, ಸುಳ್ಳು.
ನಮ್ಮ ಓಣಿಯ ಚರಂಡಿ ನೀಲಿ, ಅದು ಮಾತ್ರ ನಿಜ.
ಎಂಟಕ್ಕೆ ಮೋಟಾರು ಶುರುವಾದರೆ
ಕ್ಯಾಲೆಂಡರಿನ ದೇವರೂ ಗೋಡೆಯಲ್ಲಿ ನಡುಗುತ್ತಾನೆ.

ಮನೆಯ ಸೂಜಿ ಹೆಂಗಸರದು.
ಕೌದಿ, ಹರಿದ ಚಡ್ಡಿ, ಕಿತ್ತ ಗುಂಡಿ,
ಯಾರೂ ಕೂಲಿ ಕೊಡದ ಹೊಲಿಗೆಯೆಲ್ಲ.
ಅದೇ ಸೂಜಿಗೆ ಮೋಟಾರು ಕಟ್ಟಿ
ಪೀಸಿಗೆ ಇಷ್ಟೆಂದು ದರ ಬರೆದ ದಿನ
ಗಂಡಸರದಾಯಿತು.
"ಹೆಂಗಸರಿಗೆ ಮಿಷನ್ನು ಬಗ್ಗಲ್ಲ" ಅಂದರು
ಅವ್ವನ ಹೊಲಿಗೆ ನೋಡುತ್ತ ಬೆಳೆದವರೇ.
ನಮಗೆ ನೆಲದ ಮೇಲೆ ಕೂತು ದಾರ ಕತ್ತರಿಸುವುದು:
"ನಿಮ್ಮ ಬೆರಳು ಮೆತ್ತಗೆ, ತಾಳ್ಮೆ ನಿಮಗೆ ಹುಟ್ಟುಗುಣ."

ನನ್ನ ತಾಳ್ಮೆ ಹುಟ್ಟಿದ್ದು ಮದುವೆಯಾದ ಮೇಲೆ.
ಬೇಕಾದರೆ ತಾರೀಖು ಹೇಳುತ್ತೇನೆ.

ಇಬ್ಬರು ಹುಡುಗರು ಹೆಚ್ಚಿನ ಕೂಲಿಗೆ ಬಳ್ಳಾರಿಗೆ ಹೋದರು.
ಮಿಷನ್ನು ಖಾಲಿ ಬಿತ್ತು, ಆರ್ಡರು ಕುತ್ತಿಗೆಗೆ ಬಂತು,
ನನ್ನನ್ನೂ ಸುಂಕಮ್ಮನನ್ನೂ ಕೂರಿಸಿದರು.
ಎಂಟು ದಿನಕ್ಕೆ ಬಗ್ಗಿತು. ಯಾರೂ ಆ ಮಾತು ಎತ್ತಲಿಲ್ಲ.

ವನ್ನೂರಸಾಬು ಕಟಿಂಗ್ ಮಾಸ್ತರು, ಒಳ್ಳೆಯವನು.
ಮೊಳೆಗೆ ನೇತುಬಿದ್ದ ಅವನ ರಟ್ಟಿನ ಅಚ್ಚುಗಳಲ್ಲಿ
ಗಂಡಸರ ಜೇಬು ಮುಂಗೈ ನುಂಗುತ್ತದೆ,
ಹೆಂಗಸರದು ಎರಡು ಬೆರಳಿಗೆ ಸಾಕೆನ್ನುತ್ತದೆ,
ಕೆಲವಕ್ಕೆ ಅದೂ ಇಲ್ಲ, ಬರೀ ಹೊಲಿಗೆಯ ಗೆರೆ,
ಬಾಗಿಲು ಬಿಡಿಸಿದ ಗೋಡೆ.

"ಅಳತೆ ಸುಳ್ಳು ಹೇಳಲ್ಲಮ್ಮ, ಸೊಂಟಾನೇ ಬ್ಯಾರೆ" ಅಂದ.
ಒಪ್ಪಿದೆ. ಎರಡು ಹೆತ್ತವಳು ನಾನು,
ಎಲುಬು ಸರಿದ ಜಾಗ
ಚಳಿ ಬಿದ್ದರೆ ಇವತ್ತಿಗೂ ಹೆಸರು ಹಿಡಿದು ಕರೆಯುತ್ತದೆ.
"ಸೊಂಟ ಬ್ಯಾರೆ, ಸರಿ. ಜೇಬಿಗೆ ಹೋಗೋದು ಸೊಂಟ ಅಲ್ಲಲ್ಲ ಮಾಸ್ತರೆ,
ಕೈ."

ಅಷ್ಟರಲ್ಲಿ ಕರೆಂಟು ಹೋಯಿತು.
ಸುಂಕಮ್ಮ ಸೀಮೆಸುಣ್ಣ ತಂದಳು.
ಐದು ಕೈ, ಒಂದೇ ರಟ್ಟು, ಸುತ್ತ ಗೆರೆ, ಹೆಸರಿಲ್ಲ.
ಆಚೆ ಬೀಡಿ ಸೇದುತ್ತಿದ್ದ ಮಾಸ್ತರನ್ನು ಕರೆದು
ಗಂಡು ಯಾವುದು, ಹೆಣ್ಣು ಯಾವುದು, ಹೇಳು ಅಂದೆವು.
ಕಲ್ಲುಕ್ವಾರಿಯಲ್ಲಿ ಹನ್ನೆರಡು ವರ್ಷ ಪುಟ್ಟಿ ಹೊತ್ತ
ಸುಂಕಮ್ಮನ ಅಂಗೈ ತೋರಿಸಿ "ಇದು ಓಬುಳೇಶಂದು" ಅಂದ.
ಓಬುಳೇಶನದ್ದು ನನ್ನದಾಯಿತು. ಅವನು ನಾಚಿ ಕೈ ಹಿಂದೆ ಕಟ್ಟಿಕೊಂಡ.

ಐದರಲ್ಲಿ ಮೂರು ಸರಿ ಹೇಳಿದ್ದ.
ಅದನ್ನೂ ಬರೆದುಕೊಳ್ಳಬೇಕು, ಮೋಸ ಮಾಡಬಾರದು.
ಮೂರು ಸರಿಯೆಂದು ಉಳಿದೆರಡು ಕೈಗಳನ್ನು
ಅಚ್ಚಿಗೆ ತಕ್ಕಂತೆ ಕತ್ತರಿಸಬೇಕೋ?
ಕೇಳುವಷ್ಟರಲ್ಲಿ ಕರೆಂಟು ಬಂತು.

ನಮ್ಮಜ್ಜಿಯ ಸೊಂಟದಲ್ಲಿ ಸಂಚಿ ಇತ್ತು.
ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು,
ದುಡ್ಡಿಗೊಂದು, ಇನ್ನೊಂದರಲ್ಲಿ ಏನಿತ್ತೋ
ಸಾಯುವವರೆಗೆ ತಾತನಿಗೂ ತೋರಿಸಲಿಲ್ಲ.
ಹೆಂಗಸರಿಗೆ ಜೇಬು ಯಾಕೆಂದು
ಅವಳ ಎದುರು ಯಾರಾದರೂ ಕೇಳಬೇಕಿತ್ತು.

ಆ ಶನಿವಾರ ಆರುನೂರು ಪೀಸಿನಲ್ಲಿ ಒಂದಕ್ಕೆ
ಗಂಡಸರ ಅಚ್ಚಿನ ಜೇಬು ಇಟ್ಟೆ.
ಮಾಸ್ತರು ಕೈ ಹಾಕಿದ, ಮಣಿಕಟ್ಟಿನವರೆಗೆ ಹೋಯಿತು,
ಸ್ವಲ್ಪ ಹೊತ್ತು ಹಾಗೇ ನಿಂತ.
ಆಮೇಲೆ ರಿಜೆಕ್ಟು ಅಂತ ಬರೆದ.
ನನ್ನ ವಾರದ ಕೂಲಿಯಲ್ಲಿ ಮುರಿದುಕೊಂಡರು.
ಪ್ಯಾಂಟು ಮಗಳು ಮೌನಿಕಾಳ ಪಾಲಾಯಿತು.

ಒಗೆಯುವ ಮುಂಚೆ ಜೇಬು ತಡಕುವುದು ನನ್ನ ಕೈಗೆ ಅಭ್ಯಾಸ,
ಗಂಡನ ಬೀಡಿಕಟ್ಟು, ಮಗನ ಗೋಲಿ, ಚೀಟಿ.
ಇವತ್ತು ಮಗಳದ್ದರಲ್ಲಿ ಕೈ ಇಳಿಯಿತು, ಇನ್ನೂ ಇಳಿಯಿತು:
ಹುಣಸೆಬೀಜ ನಾಲ್ಕು, ಹಿಂದೂಪುರದ ಬಸ್ಸಿನ ಟಿಕೇಟು,
ಒಂದು ಸಣ್ಣ ಬೀಗದಕೈ.

ನಮ್ಮ ಮನೆಯಲ್ಲಿ ಅಂಥ ಬೀಗವಿಲ್ಲ.
ಸೋಪಿನ ಕೈ ಸೀರೆಗೆ ಒರೆಸಿಕೊಂಡೆ.
ಒಗೆದೆ, ಒಣಗಿಸಿದೆ,
ಎಲ್ಲಿತ್ತೋ ಅಲ್ಲೇ ಇಟ್ಟೆ.