ಮುಂದಿನ ತಿಂಗಳ ಪಟ್ಟಿ

ಬಾಗಿಲ ಮೇಲಿನ ಹಲಗೆ ಬದಲಾಗಿ ಇವತ್ತಿಗೆ ಒಂಬತ್ತು ದಿನ.
ಹಳೆಯ ಮೊಳೆಗಳೇ. ಹೆಸರು ಮಾತ್ರ ನನ್ನದು,
ಕೆಳಗೆ ಬಿಳಿ ಬಣ್ಣದಲ್ಲಿ: ಘಟಕದ ಮುಖ್ಯಸ್ಥೆ.
ಪೇಂಟರ್ ಮುನಿಶಾಮಿ ಕೊನೆಯ ಅಕ್ಷರಕ್ಕೆ ಜಾಗ ಸಾಲದೆ
ಮೂಲೆಗೆ ಒತ್ತರಿಸಿ ಕೂರಿಸಿದ್ದಾನೆ,
ಮುಳಬಾಗಿಲು ಬಸ್ಸಿನ ಹಿಂದಿನ ಸೀಟಲ್ಲಿ
ಆರನೆಯವಳು ಕೂತ ಹಾಗೆ.

ಹೆರಿಗೆ ವಾರ್ಡಿನ ಓಣಿಯಲ್ಲಿ
ಈಗ ಎಲ್ಲರೂ ಒಂದಡಿ ಪಕ್ಕಕ್ಕೆ ಸರಿಯುತ್ತಾರೆ.
ಆ ಒಂದಡಿಗೆ ಹದಿನಾರು ವರ್ಷ ಹಿಡಿಯಿತು.

ಮೇಜಿನ ಮೇಲೆ ಗೆರೆ ಎಳೆದ ಹಾಳೆ.
ರಾತ್ರಿಗಳು ಮೂವತ್ತೊಂದು.
ಹುಡುಗರು ನಾಲ್ಕೇ ಮಂದಿ:
ಮುಬೀನಾ, ಸುಮಂತ, ಚೌಡೇಶ,
ಮೊನ್ನೆಯಷ್ಟೇ ಸೇರಿ ಇನ್ನೂ ಕ್ಯಾಂಟೀನಿನ ದಾರಿ ತಪ್ಪುವ ಪರ್ಲಿನ್.
ನಾಲ್ಕೇಳಲ ಇಪ್ಪತ್ತೆಂಟು.
ಉಳಿದ ಮೂರನ್ನು
ಯಾರ ಕಣ್ಣಿನಿಂದ ಕೀಳಲಿ?

ಇದೇ ಕಟ್ಟಡ. ಇದೇ ಫಿನಾಯಿಲ್ ವಾಸನೆ.
ಅವತ್ತು ನನಗೆ ನಲವತ್ತೊಂದನೆಯ ಗಂಟೆ.
ಹೊರಗೆ ಟೊಮೆಟೊ ಲಾರಿಗಳು
ಮಂಡಿ ಕಡೆಗೆ ಸಾಲುಗಟ್ಟಿ ಹಾರ್ನ್ ಒತ್ತುತ್ತಿದ್ದವು.
ಒಳಗೆ ಶ್ರೀನಿವಾಸಪುರದ ಕಡೆಯವಳೊಬ್ಬಳು
"ನೊಪ್ಪಿ, ಅಮ್ಮಾ, ನೊಪ್ಪಿ" ಎನ್ನುತ್ತ ನನ್ನ ಕೈ ಹಿಡಿದಿದ್ದಳು.
ನಾನು ನಿಂತೇ ನಿದ್ದೆ ಹೋದೆ.
ಎಷ್ಟು ಹೊತ್ತೋ.
ಎಬ್ಬಿಸಿದ್ದು ಅವಳೇ,
ಎರಡು ನೋವಿನ ನಡುವೆ ಸಿಕ್ಕ ಬಿಡುವಿನಲ್ಲಿ,
ಮೆಲ್ಲಗೆ: "ಕುಂತ್ಕೊಳಮ್ಮಾ, ಬಿದ್ದೋಗ್ತೀಯ."

ನಂಜುಂಡಯ್ಯ ಸರ್ ಕೇಳಿ ನಕ್ಕರು.
"ನಾವೂ ಹೀಗೇ ಬೆಂದದ್ದು.
ಬೆಂದರೆ ಇಟ್ಟಿಗೆ, ಇಲ್ಲದಿದ್ದರೆ ಮಣ್ಣು."
ಮಾಲೂರಿನವರು; ಗೂಡು, ಹೆಂಚು ಬಿಟ್ಟರೆ
ಬೇರೆ ಉಪಮೆ ಬರುತ್ತಿರಲಿಲ್ಲ.
ಕೈ ತೊಳೆಯುತ್ತಾ ಆಣೆ ಇಟ್ಟುಕೊಂಡೆ:
ಆ ಕುರ್ಚಿ ನನಗೆ ಬರಲಿ,
ಒಬ್ಬರನ್ನೂ ಗೂಡಿಗೆ ಹಾಕುವುದಿಲ್ಲ.

ಕುರ್ಚಿ ಬಂದಿದೆ. ಒಂದು ಕಾಲು ಕುಂಟು.
ಕೆಳಗೆ ಮಡಿಚಿಟ್ಟ ಔಷಧಿ ಡಬ್ಬಿ
ಅವರ ಕಾಲದ್ದೇ ಇರಬೇಕು, ತೆಗೆದಿಲ್ಲ.

ನಡುವೆ ಏನೇನು ಹೋಯಿತು, ಲೆಕ್ಕ ಇಟ್ಟಿಲ್ಲ.
ಮಗನ ಮೊದಲ ಹಲ್ಲು ನೋಡಿದ್ದು ಫೋನಿನಲ್ಲಿ.
ಆ ದಿನ ಈ ಕೈಗೆ ಬಂದ ಕೂಸುಗಳು ಹನ್ನೊಂದು,
ಒಂದಕ್ಕೂ ಹಲ್ಲಿರಲಿಲ್ಲ.
ಈಗ ಅವನಿಗೆ ಮೀಸೆ ಚಿಗುರುತ್ತಿದೆ;
ಮನೆಗೆ ಹೋದರೆ ಎದ್ದು ನಿಲ್ಲುತ್ತಾನೆ,
ವಾರ್ಡಿನವರ ಹಾಗೆ.

ಬಾಗಿಲು ತಟ್ಟಿದ ಸದ್ದು. ಮುಬೀನಾ.
ರಜೆ ಕೇಳಲು ಬಂದಿದ್ದಾಳೆ ಅಂದುಕೊಂಡೆ,
'ಆಯ್ತು' ಎಂಬ ಮಾತನ್ನು ನಾಲಗೆಯ ತುದಿಗೆ ತಂದಿಟ್ಟುಕೊಂಡೆ.
"ಮೇಡಂ, ಮುಂದಿನ ತಿಂಗಳು ನನಗೆ
ಇನ್ನೆರಡು ರಾತ್ರಿ ಜಾಸ್ತಿ ಹಾಕಿ.
ಸಿಸೇರಿಯನ್ ಎಣಿಕೆ ಸುಮಂತನಿಗಿಂತ ಕಮ್ಮಿಯಿದೆ."
ಕಣ್ಣ ಕೆಳಗೆ ಕಪ್ಪು, ಕೋಟಿನ ತೋಳಿಗೆ ಅಯೋಡಿನ್ ಕಲೆ,
ಮುಖದ ತುಂಬ ಹಸಿವು.
ನನಗೆ ಗೊತ್ತಿರುವ ಹಸಿವು.
ಮೂರು ಸಂಜೆ ಅನ್ನ ಕಂಡವರಿಗಿಂತ
ಹೆಚ್ಚು ಹೊತ್ತು ನಿಲ್ಲಬಲ್ಲದು ಅದು.

ನೋಡೋಣ ಎಂದೆ.
ಅವಳು ಹೋದ ಮೇಲೆ ಎದೆ ಹಗುರಾಯಿತು.
ಹಗುರಾದದ್ದಕ್ಕೇ ನಾಚಿಕೆಯೂ ಆಯಿತು.
ಬೇಡುವವಳಿಗೆ ಕೊಟ್ಟರೆ
ಕೊಟ್ಟವಳ ಪಾಪ ಎಷ್ಟು ಪಾಲು?
ನಾನೂ ಬೇಡಿದ್ದೆನೇ ಹಾಗೆ,
ನಂಜುಂಡಯ್ಯ ಸರ್ ಮುಂದೆ, ಇದೇ ಹೊಸ್ತಿಲಲ್ಲಿ?
ನೆನಪಿಲ್ಲ. ನೆನಪಿಲ್ಲ ಎಂದರೆ
ಬೇಡಿರಬೇಕು.

ಪೆನ್ಸಿಲ್ಲಿನಲ್ಲಿ ಒಂದು ರಾತ್ರಿ ನನಗೆ ಬರೆದುಕೊಂಡೆ.
ಎರಡು ಅವಳಿಗೆ.
ಅಳಿಸಿದೆ. ಎರಡು ನನಗೆ.
ಹೊಸ ಹುದ್ದೆಯ ಬೆಳಗಿನ ಮೀಟಿಂಗುಗಳು ನೆನಪಾಗಿ
ಮತ್ತೆ ಅಳಿಸಿದೆ.
ಆ ಮೂರು ಮನೆಗಳಲ್ಲಿ ಹಾಳೆ ತೆಳ್ಳಗಾಗಿದೆ,
ಎತ್ತಿ ಹಿಡಿದರೆ ಅದರಾಚೆಗೆ
ಕಿಟಕಿಯ ಶತಶೃಂಗದ ಬಂಡೆಗಳು
ಕತ್ತಲಾಗುವುದು ಕಾಣುತ್ತದೆ.

"ಪಟ್ಟಿ ಆಯ್ತಾ ಮೇಡಂ?"
ಅಲಮೇಲು ಸಿಸ್ಟರ್ ಬಾಗಿಲಲ್ಲಿ.
"ಎಂಟಕ್ಕೆ ಜೆರಾಕ್ಸ್ ಅಂಗಡಿ ಮುಚ್ತಾರೆ."
ಲಾರಿಗಳು ಬರತೊಡಗಿವೆ.
ಜೇಬಿನಲ್ಲಿ ಪೆನ್ನು ಹುಡುಕುತ್ತೇನೆ.